ಎಂಟು ಜನ, ಮೂರು ದಿನ: ತೆಯ್ಯಂ, ನಡಿಗೆ, ಹಿನ್ನೀರು ಹೊಂದಿಸುವುದು ಹೇಗೆ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ತಮ್ಮನ ಮನೆಯವರು ಬರುತ್ತಿದ್ದಾರೆ. ಎರಡೂ ಮನೆ ಸೇರಿ ಎಂಟು ಜನ. ಅದರಲ್ಲಿ 6, 9, 13 ವರ್ಷದ ಮೂವರು ಮಕ್ಕಳು, 72 ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು, ಹತ್ತಿ ಇಳಿಯುವುದು ಕಷ್ಟ. ಮೂರು ದಿನ ಕಾಸರಗೋಡು ಜಿಲ್ಲೆಯ ಒಳಗೇ ತಿರುಗಾಡಬೇಕು ಅಂದುಕೊಂಡಿದ್ದೇವೆ. ತಮ್ಮನಿಗೆ ತೆಯ್ಯಂ, ಅಂದರೆ ಮಲಯಾಳ ಕಡೆಯ ದೈವದ ಕೋಲ ನೋಡುವ ಆಸೆ, ಅವನ ಹೆಂಡತಿಗೆ ಕಾಡಿನಲ್ಲಿ ನಡೆಯುವ ಆಸೆ, ಮಕ್ಕಳಿಗೆ ನೀರು ಕಂಡರೆ ಸಾಕು. ಯಾರನ್ನು ಕೇಳಿದರೂ ಬೇಕಲ ಕೋಟೆ, ಹೌಸ್‌ಬೋಟ್ ಅಂತ ಎರಡೇ ಹೇಳುತ್ತಾರೆ. ಹೌಸ್‌ಬೋಟಿಗೆ ಅಷ್ಟು ದುಡ್ಡು ಹಾಕಬೇಕಾ? ತೆಯ್ಯಂ ನೋಡಿ ಚಿಕ್ಕ ಮಕ್ಕಳು ಹೆದರುವುದಿಲ್ಲವಾ? ಹೇಗೆ ಹೊಂದಿಸುವುದು ಹೇಳಿ.

ಉತ್ತರ: ಮೂರೂ ಆಗುತ್ತದೆ. ಆದರೆ ಎಲ್ಲರೂ ಮಾಡುವ ಕ್ರಮದಲ್ಲಿ ಮಾಡಿದರೆ ಆಗುವುದಿಲ್ಲ. ಸಾಮಾನ್ಯವಾಗಿ ಜನ ಮೊದಲು ರೂಮ್ ಬುಕ್ ಮಾಡುತ್ತಾರೆ. ಆಮೇಲೆ ಬೋಟ್. ಊರಿಗೆ ಬಂದು ಇಳಿದ ಮೇಲೆ "ಇವತ್ತು ಇಲ್ಲಿ ಎಲ್ಲಾದರೂ ತೆಯ್ಯಂ ಇದೆಯಾ?" ಅಂತ ಕೇಳುತ್ತಾರೆ. ಇದನ್ನು ತಲೆಕೆಳಗು ಮಾಡಿ. ಹಿನ್ನೀರು ಅಲ್ಲೇ ಇರುತ್ತದೆ, ಗುಡ್ಡವೂ ಅಲ್ಲೇ ಇರುತ್ತದೆ. ಕಳಿಯಾಟದ, ಅಂದರೆ ತೆಯ್ಯಂ ಕಟ್ಟುವ ಉತ್ಸವದ ದಿನ ಮಾತ್ರ ನಮ್ಮ ಕೈಯಲ್ಲಿಲ್ಲ. ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ, ಉಳಿದದ್ದನ್ನೆಲ್ಲ ಅದರ ಸುತ್ತ ಕೂರಿಸಿ. ಮೂರು ದಿನದಲ್ಲಿ ಯಾವ ದಿನ ದಕ್ಷಿಣಕ್ಕೆ ಹೋಗಬೇಕು, ಯಾವ ದಿನ ಮನೆಯ ಸುತ್ತ ಇರಬೇಕು ಅನ್ನುವುದು ಅದರಿಂದಲೇ ತೀರ್ಮಾನ ಆಗಲಿ.

ದಕ್ಷಿಣ, ಉತ್ತರ ಅಂತ ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಜಿಲ್ಲೆಯನ್ನು ಚಂದ್ರಗಿರಿ ಹೊಳೆ ಎರಡು ಮಾಡುತ್ತದೆ. ಕೇರಳದ 44 ಹೊಳೆಗಳಲ್ಲಿ 12 ಇರುವುದು ಕಾಸರಗೋಡಿನಲ್ಲಿ. ಅದರಲ್ಲಿ ಎಲ್ಲಕ್ಕಿಂತ ಉದ್ದ ಚಂದ್ರಗಿರಿ, 105 ಕಿಲೋಮೀಟರ್. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಪಯಸ್ವಿನಿ ಅಂತ ಸುಳ್ಯ ದಾಟಿ, ಕಾಸರಗೋಡು ಪೇಟೆಯ ತೆಂಕು ಬದಿಯಲ್ಲಿ ಕಡಲು ಸೇರುತ್ತದೆ. ಹೊಳೆಯ ಉತ್ತರಕ್ಕೆ ತುಳುವಿನ ಕೋಲ, ನೇಮ, ಯಕ್ಷಗಾನ. ದಕ್ಷಿಣಕ್ಕೆ ತೆಯ್ಯಂ, ಗಂಡಸರು ದೀಪದ ಸುತ್ತ ಕುಣಿಯುವ ಪೂರಕ್ಕಳಿ. ಮಧ್ಯೆ ಗೋಡೆ ಏನೂ ಇಲ್ಲ, ಉತ್ತರದಲ್ಲೂ ತೆಯ್ಯಂ ಕಟ್ಟುತ್ತಾರೆ. ಕುಂಬಳೆ ಹತ್ತಿರದ ಆರಿಕ್ಕಾಡಿಯಲ್ಲಿ ಆಲಿ ಅನ್ನುವ ಮುಸ್ಲಿಂ ದೈವದ ತೆಯ್ಯವೇ ಇದೆ. ಆದರೂ ತಮ್ಮನಿಗೆ ತೆಯ್ಯವೇ ಬೇಕು ಅಂದರೆ ನೀಲೇಶ್ವರ, ಚೆರ್ವತ್ತೂರು, ತೃಕ್ಕರಿಪುರದ ಕಡೆ ಹೋಗುವುದು ಒಳ್ಳೆಯದು. ಅಲ್ಲಿ ಕಾವುಗಳು, ಅಂದರೆ ದೈವದ ಬನಗಳು ಜಾಸ್ತಿ. ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಇರುತ್ತದೆ.

ಡಿಸೆಂಬರ್ ಒಳ್ಳೆಯ ಕಾಲವಾ ಅಂದರೆ, ಹೌದು. ತೆಯ್ಯದ ಕಾಲ ತುಲಾ ತಿಂಗಳ ಹತ್ತಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ ಶುರುವಾಗುತ್ತದೆ. ನಮ್ಮ ತುಳು ಕಡೆಯ ಕೋಲ, ಯಕ್ಷಗಾನ ಮೇಳ ಎಲ್ಲ ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ತೆಂಕಿನ ತೆಯ್ಯವೂ ಹೆಚ್ಚು ಕಡಿಮೆ ಆಗಲೇ ಮುಗಿಯುತ್ತದೆ. ನಿಜವಾದ ಭರಾಟೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಡಿಸೆಂಬರಿನಲ್ಲಿ ಅಷ್ಟು ದಟ್ಟಣೆ ಇಲ್ಲ. ಆದರೆ ಸೆಖೆಯೂ ಇಲ್ಲ. ರಾತ್ರಿ ತಂಪು, ಮಕ್ಕಳನ್ನೂ ಅಮ್ಮನನ್ನೂ ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ತಿಂಗಳು ಸಿಗಲಿಕ್ಕಿಲ್ಲ.

ದಿನ ಹುಡುಕುವುದು ಹೇಗೆ? ಎಲ್ಲ ಕಡೆಯದ್ದೂ ಸೇರಿಸಿದ ಒಂದೇ ಪಟ್ಟಿಯನ್ನು ನಂಬಿ ಕೂರಬೇಡಿ. ನೀಲೇಶ್ವರ, ಕಾಞಂಗಾಡು ಕಡೆಯ ಪರಿಚಯದವರಿಗೆ ಹದಿನೈದು ದಿನ ಮೊದಲೇ ಫೋನ್ ಮಾಡಿ. ಅಲ್ಲಿ ಯಾವುದೇ ಜಂಕ್ಷನ್‌ನಲ್ಲಿ ನಿಂತರೂ ಫ್ಲೆಕ್ಸ್ ಕಾಣುತ್ತದೆ. ಮಲಯಾಳ ಪತ್ರಿಕೆಗಳ ಸ್ಥಳೀಯ ಪುಟದಲ್ಲೂ ಬರುತ್ತದೆ. ನಿಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಿದ್ದರೆ ಫ್ಲೆಕ್ಸ್ ಓದುವ ಕೆಲಸ ಅವರಿಗೇ ಕೊಡಿ, ಬೆಂಗಳೂರಿನ ಮಕ್ಕಳ ಎದುರು ಸ್ವಲ್ಪ ಗತ್ತೂ ಬರುತ್ತದೆ. ಅಲ್ಲಿ ಎಲ್ಲರಿಗಿಂತ ಸರಿಯಾಗಿ ಗೊತ್ತಿರುವುದು ರಿಕ್ಷಾದವರಿಗೆ. ಒಂದು ಮಾತು ನೆನಪಿರಲಿ: ಮನೆತನದ ಕಾವಾದರೆ ಆ ಮನೆಯಲ್ಲಿ ಸೂತಕ ಬಂದರೆ ಕಾರ್ಯಕ್ರಮ ಮುಂದೆ ಹೋಗುತ್ತದೆ. ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಕೇಳಿಯೇ ಕಾರು ಹತ್ತಿ.

ಮಕ್ಕಳ ಹೆದರಿಕೆಯ ವಿಷಯಕ್ಕೆ ಬರೋಣ. ಆರು ವರ್ಷದ ಮಗುವನ್ನು ರಾತ್ರಿ ಎರಡು ಗಂಟೆಗೆ ನಿದ್ದೆಯಿಂದ ಎಬ್ಬಿಸಿ, ಸೂಟೆಯ ಬೆಂಕಿ, ಚೆಂಡೆಯ ಸದ್ದು, ಕೆಂಪು ಮುಖ ಮೂರನ್ನೂ ಒಟ್ಟಿಗೆ ತೋರಿಸಿದರೆ ಹೆದರದೆ ಇನ್ನೇನು ಮಾಡುತ್ತದೆ? ಮಗುವಿಗೆ ಅದು ಎಲ್ಲಿಂದ ಬಂತು ಅಂತ ಗೊತ್ತಿರುವುದಿಲ್ಲ. ಅದಕ್ಕೆ ಸಂಜೆಯೇ ಹೋಗಿ. ದೊಡ್ಡ ತೆಯ್ಯಗಳಿಗೆ ಮೊದಲು ತೋಟ್ಟಂ ಅಥವಾ ವೆಳ್ಳಾಟಂ ಅಂತ ಇರುತ್ತದೆ. ವೇಷ ಸ್ವಲ್ಪವೇ, ದೊಡ್ಡ ಮುಡಿ ಇಲ್ಲ. ದೈವದ ಕಥೆಯನ್ನು ಹಾಡುತ್ತಾರೆ, ಮೆಲ್ಲ ಆವೇಶ ಏರುತ್ತದೆ. ಮನುಷ್ಯ ದೈವ ಆಗುವುದನ್ನು ಮಕ್ಕಳು ಮೆಟ್ಟಿಲು ಮೆಟ್ಟಿಲಾಗಿ ನೋಡುತ್ತಾರೆ.

ಇನ್ನೂ ಒಳ್ಳೆಯದು ಬಣ್ಣ ಹಚ್ಚುವುದನ್ನು ನೋಡುವುದು. ಕಾವಿನ ಬದಿಯಲ್ಲಿ ತೆಂಗಿನ ಮಡಲಿನ ಒಂದು ಚಪ್ಪರ ಇರುತ್ತದೆ. ಅಲ್ಲಿ ಕೋಲಧಾರಿ ಅಂಗಾತ ಮಲಗಿರುತ್ತಾರೆ, ಇನ್ನೊಬ್ಬರು ತಲೆಯ ಹತ್ತಿರ ಕುಳಿತು ಮುಖಕ್ಕೆ ಬರೆಯುತ್ತಾರೆ. ಕುಂಚ ಅಂದರೆ ತೆಂಗಿನ ಗರಿಯ ಕಡ್ಡಿ. ಬಿಳಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಅರಶಿನಕ್ಕೆ ಸುಣ್ಣ ಬೆರೆಸಿದ್ದು, ಕಪ್ಪಿಗೆ ಕಾಡಿಗೆ. ಕೆಲವು ಮುಖಗಳಿಗೆ ಗಂಟೆಗಟ್ಟಲೆ ಬೇಕು. ಒಂದೊಂದು ದೈವಕ್ಕೆ ಒಂದೊಂದು ಬರವಣಿಗೆ, ಗೊತ್ತಿದ್ದವರು ಕಣ್ಣಿನ ಸುತ್ತಲಿನ ಗೆರೆ ನೋಡಿಯೇ ಯಾವ ತೆಯ್ಯ ಅಂತ ಹೇಳುತ್ತಾರೆ. ಮೊದಲು ಅಲ್ಲಿಯ ಹಿರಿಯರ ಹತ್ತಿರ ಒಂದು ಮಾತು ಕೇಳಿ, ಆಮೇಲೆ ಮಕ್ಕಳನ್ನು ಹೊರಗಿನಿಂದ ಸುಮ್ನೆ ನಿಲ್ಲಿಸಿ. ಅರಶಿನಕ್ಕೆ ಸುಣ್ಣ ಬಿದ್ದ ಕೂಡಲೇ ಹಳದಿ ಕೆಂಪಾಗುವುದನ್ನು ನೋಡಿದ ಮಗು, ಆಮೇಲೆ ಆ ಕೆಂಪು ಮುಖ ಅಂಗಳಕ್ಕೆ ಬಂದಾಗ "ಅದು ಅರಶಿನ" ಅಂತ ತಾನೇ ಹೇಳುತ್ತದೆ. ನಮ್ಮ ಕಡೆಯ ಕೋಲಕ್ಕಾದರೆ ಮುಖಕ್ಕೆ ಅರದಾಳದ ಹಳದಿ, ಸೊಂಟಕ್ಕೆ ತೆಂಗಿನ ಸಿರಿ, ಕಾಲಿಗೆ ಗಗ್ಗರ. ಎರಡನ್ನೂ ನೋಡಿದ ಮೇಲೆ ವ್ಯತ್ಯಾಸ ಏನು ಅಂತ 13 ವರ್ಷದವರನ್ನು ಕೇಳಿ ನೋಡಿ. ದೊಡ್ಡವರು ಗಮನಿಸದ್ದನ್ನು ಹೇಳುತ್ತಾರೆ.

ಸಂಜೆಯ ತೋಟ್ಟಂ ಮುಗಿದ ಮೇಲೆ ಚಿಕ್ಕವರನ್ನೂ ಅಮ್ಮನನ್ನೂ ರೂಮಿಗೆ ಬಿಟ್ಟು, ತಮ್ಮ ಮತ್ತು ದೊಡ್ಡ ಮಗು ರಾತ್ರಿಗೆ ಮರಳಿ ಬರಬಹುದು. ಅಥವಾ ಎಲ್ಲರೂ ನಿದ್ದೆ ಮಾಡಿ ನಸುಕಿಗೆ ಹೋಗಬಹುದು. ಎಷ್ಟೋ ಕಡೆ ಮುಖ್ಯ ತೆಯ್ಯ ಬರುವುದೇ ಬೆಳಗಿನ ಜಾವ. ಕೊನೆಗೆ ತೆಯ್ಯ ಒಬ್ಬೊಬ್ಬರ ಕೈ ಹಿಡಿದು ಮಾತಾಡುತ್ತದೆ, ಅರಶಿನ ಕೊಡುತ್ತದೆ. ಅಮ್ಮನಿಗೆ ಇದನ್ನು ತಪ್ಪಿಸಬೇಡಿ. ಒಂದು ಮಡಚುವ ಕುರ್ಚಿ ಕಾರಿನಲ್ಲಿ ಇರಲಿ, ನೆಲದಲ್ಲಿ ಕೂರಲು ಆಗದವರಿಗೆ ಅಲ್ಲಿ ಯಾರೂ ಆಕ್ಷೇಪ ಹೇಳುವುದಿಲ್ಲ. ಅಂಗಳಕ್ಕೆ ಚಪ್ಪಲಿ ಹಾಕಿ ಹೋಗಬೇಡಿ, ದೈವ ಓಡಾಡುವ ದಾರಿಗೆ ಅಡ್ಡ ನಿಲ್ಲಬೇಡಿ. ದೈವ ಕೆಂಡಕ್ಕೆ ಬೀಳುವ ಒತ್ತೆಕೋಲ ಇದ್ದರೆ ಕೆಂಡದ ರಾಶಿಯಿಂದ ದೂರ ಇರಿ. ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಅರ್ಧ ಗಂಟೆಯ ತೆಯ್ಯ ತೋರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ವೇಷ ಅದೇ ಇರಬಹುದು. ಆದರೆ ಕಾವು ಇಲ್ಲ, ಹರಕೆ ಇಲ್ಲ, ಕೈ ಹಿಡಿದು ಮಾತಾಡುವುದಕ್ಕೆ ಊರಿನವರೂ ಇಲ್ಲ.

ನೀಲೇಶ್ವರದ ಕಡೆ ಹೋಗುವುದಾದರೆ ಒಂದು ಕಥೆಯನ್ನು ಕಾರಿನಲ್ಲೇ ಮಕ್ಕಳಿಗೆ ಹೇಳಿಬಿಡಿ. ಪಾಲಂದಾಯಿ ಕಣ್ಣನ್ ಅಂತ ಒಬ್ಬ ಹುಡುಗ. ನೀಲೇಶ್ವರದ ಕುರುಪ್ ಒಬ್ಬರ ಮನೆಯ ದನ ಕಾಯುವವ. ಮಾವಿನ ಮರ ಹತ್ತಿ ಹಣ್ಣು ತಿನ್ನುತ್ತಿದ್ದಾಗ ಕೈಯಿಂದ ಜಾರಿದ ಮಾವು ಕುರುಪರ ಸೊಸೆಯ, ಅಂದರೆ ತಂಗಿಯ ಮಗಳ ಮೈಮೇಲೆ ಬಿತ್ತು. ಜೀವಭಯದಿಂದ ಹುಡುಗ ಉತ್ತರಕ್ಕೆ ಓಡಿದ. ಓಡಿ ಓಡಿ ಮುಟ್ಟಿದ್ದು ಮಂಗಳೂರಿನ ಜೆಪ್ಪು. ಅಲ್ಲೊಂದು ತುಳು ಮನೆಯ ತಾಯಿ ಆಶ್ರಯ ಕೊಟ್ಟರು. ಆ ಮನೆಯ ನರಸಿಂಹನಿಗೆ ದೀಪ ಇಡುತ್ತ ಹನ್ನೆರಡು ವರ್ಷ ಕಳೆದ. ಊರು ನೆನಪಾಗಿ ಹೊರಟಾಗ ಆ ತಾಯಿ ದೈವದ ಆಯುಧವನ್ನೂ ಓಲೆಕೊಡೆಯನ್ನೂ ಕೊಟ್ಟು ಕಳಿಸಿದರು. ನೀಲೇಶ್ವರ ಮುಟ್ಟಿ ಕೆರೆಗೆ ಇಳಿದು ಸ್ನಾನ ಮಾಡುತ್ತಿದ್ದಾಗ ಕುರುಪ್ ಬಂದು ಕಡಿದು ಹಾಕಿದರು. ಆಮೇಲೆ ಕುರುಪರ ಮನೆಗೆ ಕೇಡು ಬಂತು, ದನಕರು ಸತ್ತವು. ಪ್ರಶ್ನೆ ಇಟ್ಟು ನೋಡಿದಾಗ ಹುಡುಗನ ಜೊತೆ ಬಂದ ದೈವ ಅಂತ ಗೊತ್ತಾಗಿ ನಂಬಿದರು. ಅದೇ ವಿಷ್ಣುಮೂರ್ತಿ. ಇಂದಿಗೂ ಮಲಯಾಳದ ಆ ತೆಯ್ಯದ ಮಾತಿನಲ್ಲಿ ಮಂಗಳೂರಿನ ನೆನಪು ಇರುತ್ತದೆ. ಸುಳ್ಯದ ಕಡೆ ಒತ್ತೆಕೋಲದಲ್ಲಿ ಕೆಂಡಕ್ಕೆ ಬೀಳುವುದೂ ಇದೇ ದೈವ.

ವಿಷ್ಣುಮೂರ್ತಿಯ ಮೂಲಸ್ಥಾನ ಅಂತ ಹೇಳುವುದು ನೀಲೇಶ್ವರದ ಕೊಟ್ಟಪುರವನ್ನು. ಹೌಸ್‌ಬೋಟ್ ಹೊರಡುವ ಜೆಟ್ಟಿ ಇರುವುದೂ ಅದೇ ಕೊಟ್ಟಪುರದಲ್ಲಿ. ಆದ್ದರಿಂದ ನನ್ನ ಸಲಹೆ: ದಕ್ಷಿಣದಲ್ಲಿ ಒಂದು ರಾತ್ರಿ ಉಳಿಯಿರಿ, ಅದು ನೀಲೇಶ್ವರದ ಸುತ್ತಮುತ್ತ ಇರಲಿ. ತೆಯ್ಯ, ನೀರು ಎರಡೂ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಸಿಗುತ್ತವೆ.

ಹೌಸ್‌ಬೋಟ್ ಬೇಕಾ ಅಂದರೆ, ಹಗಲಿಗೆ ಬೇಕು, ರಾತ್ರಿಗೆ ಬೇಡ. ಸಂಜೆಯಾದ ಮೇಲೆ ಹೌಸ್‌ಬೋಟ್ ಓಡುವುದಿಲ್ಲ. ಮೀನುಗಾರರು ಬಲೆ ಬಿಡುವ ಹೊತ್ತು ಅದು. ಬೋಟನ್ನು ದಡಕ್ಕೆ ಕಟ್ಟಿ ನಿಲ್ಲಿಸುತ್ತಾರೆ. ಅಂದರೆ ರಾತ್ರಿಯ ಬಾಡಿಗೆ ಕೊಟ್ಟು ನೀವು ನಿಂತ ಬೋಟಿನಲ್ಲಿ ಮಲಗುತ್ತೀರಿ. ಅದೇ ದುಡ್ಡಿಗೆ ದಡದ ಹೋಮ್‌ಸ್ಟೇಯಲ್ಲಿ ಎಂಟು ಜನ ಆರಾಮವಾಗಿ ಇರಬಹುದು, ಅಮ್ಮನಿಗೆ ಹಲಗೆ ದಾಟಿ ಹತ್ತಿ ಇಳಿಯುವ ಕಷ್ಟವೂ ಒಮ್ಮೆಗೆ ಮುಗಿಯುತ್ತದೆ. ನಾಲ್ಕೈದು ಗಂಟೆಯ ಹಗಲಿನ ಸುತ್ತು ಮಾಡಿ. ಊಟ ಅದರಲ್ಲೇ ಆಗಲಿ.

ಅಲ್ಲಿ ನೋಡುವುದಕ್ಕೆ ಏನಿದೆ ಅಂತ ಮೊದಲೇ ತಿಳಿದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮಕ್ಕಳು ಅರ್ಧ ಗಂಟೆಯಲ್ಲಿ ಮೊಬೈಲ್ ಹಿಡಿಯುತ್ತಾರೆ. ಬೋಟ್ ಸುತ್ತುವ ವಲಿಯಪರಂಬ ಅಂದರೆ ಕಡಲಿಗೂ ಹಿನ್ನೀರಿಗೂ ನಡುವೆ ಸುಮಾರು 24 ಕಿಲೋಮೀಟರ್ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಕೆಲವು ಕಡೆ ಎಷ್ಟು ಸಪೂರ ಅಂದರೆ, ಹಿನ್ನೀರಿನ ಬದಿಯಲ್ಲಿ ಇಳಿದು ತೆಂಗಿನ ತೋಟದೊಳಗೆ ಸ್ವಲ್ಪ ನಡೆದರೆ ಎದುರಿಗೆ ಕಡಲು. ಬೋಟಿನವರಿಗೆ ಹೇಳಿ ಅಲ್ಲೊಂದು ಕಡೆ ಇಳಿಯಿರಿ. ತಮ್ಮನ ಹೆಂಡತಿಯ ನಡಿಗೆಗೆ ಸಮತಟ್ಟಾದ ಈ ದಾರಿ ಬಹಳ ಚೆನ್ನಾಗಿದೆ, ಅಮ್ಮನೂ ನಿಧಾನಕ್ಕೆ ಬರಬಹುದು. ಪಡನ್ನದ ಹತ್ತಿರ ನೀರಿನಲ್ಲಿ ಬಿದಿರಿನ ಕಂಬ ನೆಟ್ಟು ಕಟ್ಟಿದ ಚೌಕಗಳು ಕಾಣುತ್ತವೆ. ಅದು ಕಲ್ಲುಮ್ಮಕ್ಕಾಯಿ, ನಮ್ಮ ಕಡೆಯ ಪಚ್ಚಿಲೆ ಸಾಕುವ ಜಾಗ. ಮಳೆ ನಿಂತು ನೀರು ಉಪ್ಪಾದ ಮೇಲೆ ನವೆಂಬರ್, ಡಿಸೆಂಬರಿನಲ್ಲಿ ಮರಿ ಪಚ್ಚಿಲೆಗಳನ್ನು ಹಗ್ಗಕ್ಕೆ ಬಟ್ಟೆ ಸುತ್ತಿ ಕಟ್ಟುತ್ತಾರೆ. ಬಟ್ಟೆ ಕೊಳೆತು ಹೋಗುವ ಹೊತ್ತಿಗೆ ಅವು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಮತ್ತೆ ಮಳೆ ಬರುವ ಮೊದಲು ಕೊಯ್ಲು. ಈ ಕೆಲಸದಲ್ಲಿ ಹೆಂಗಸರೇ ಜಾಸ್ತಿ. ನೀವು ಹೋಗುವಾಗ ಕಟ್ಟುವ ಕೆಲಸ ನಡೆಯುತ್ತಿದ್ದರೆ ಬೋಟ್ ನಿಲ್ಲಿಸಿ ನೋಡಿ. ಮೀನು ತಿನ್ನುವವರಾದರೆ ಅಲ್ಲೇ ಊಟಕ್ಕೆ ಹೇಳಿಡಿ. ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಒತ್ತಿ ಹೇಳಿ, ಇಲ್ಲದಿದ್ದರೆ ಅನ್ನ ಸಾರಿಗೆ ನಿಲ್ಲಬೇಕಾದೀತು.

ಸುರಕ್ಷೆಯ ವಿಷಯದಲ್ಲಿ ನನಗೆ ದಾಕ್ಷಿಣ್ಯ ಇಲ್ಲ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟ್ ಮಗುಚಿ 22 ಜನ ತೀರಿಕೊಂಡರು. ಅದರಲ್ಲಿ ಮಕ್ಕಳು ಬಹಳ. ಹಿಡಿಸುವುದಕ್ಕಿಂತ ಜಾಸ್ತಿ ಜನರನ್ನು ಹತ್ತಿಸಿದ್ದರು, ಕತ್ತಲೆಯೂ ಆಗಿತ್ತು. ಹಾಗಾಗಿ ಲೈಸೆನ್ಸ್ ಇರುವ ಬೋಟೇ ಆಗಲಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಕೇಳಿ, ಕಣ್ಣಾರೆ ನೋಡಿ, ಹಾಕಿಸಿಯೇ ಹತ್ತಿಸಿ. ಕತ್ತಲೆಗೆ ಮೊದಲು ದಡ ಸೇರಿ. "ಇಲ್ಲಿ ಆಳ ಇಲ್ಲ ಬಿಡಿ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಕಡಲಲ್ಲಿ ಆಡುವುದಕ್ಕೂ ಇದೇ ಮಾತು. ಡಿಸೆಂಬರಿನ ಕಡಲು ಮಳೆಗಾಲದ ಕಡಲಲ್ಲ, ಸೌಮ್ಯವಾಗಿಯೇ ಇರುತ್ತದೆ. ಆದರೆ ಅಳಿವೆಯ ಹತ್ತಿರ ಯಾವ ತಿಂಗಳೂ ಇಳಿಯಬಾರದು. ಇಳಿತದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ಎಳೆದುಕೊಂಡು ಹೋಗುತ್ತದೆ, ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಬೇಕಲದ ಕೋಟೆಯ ಬುಡದಲ್ಲಿ ಬಂಡೆಗಳು, ಅಲ್ಲಿ ಬೇಡ. ಪಕ್ಕದ ಪಳ್ಳಿಕ್ಕೆರೆ ಬೀಚಿನಲ್ಲಿ ಜನ ಇರುವ ಕಡೆ ಕಾಲು ಒದ್ದೆ ಮಾಡಿಕೊಳ್ಳಲಿ. ಹೊಳೆಗಳಲ್ಲಿ ಮರಳು ತೆಗೆದ ಗುಂಡಿಗಳು ಇರುತ್ತವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಆಳಕ್ಕೆ ಹೋಗಬಹುದು. ಊರಿನವರು ಸ್ನಾನಕ್ಕೆ ಇಳಿಯುವ ಕಡವಿನಲ್ಲಿ ಮಾತ್ರ ಇಳಿಯಿರಿ.

ಬೇಕಲವನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಇಕ್ಕೇರಿಯ ಶಿವಪ್ಪ ನಾಯಕನ ಕಾಲದಲ್ಲಿ, 1650ರ ಸುಮಾರಿಗೆ ಕಟ್ಟಿದ ಕೋಟೆ. ಸುಮಾರು 40 ಎಕರೆ, ಕೇರಳದಲ್ಲೇ ದೊಡ್ಡದು. ಕನ್ನಡದ ಅರಸರು ಇಲ್ಲಿವರೆಗೆ ಯಾಕೆ ಬಂದರು ಅಂತ ಮಕ್ಕಳಿಗೆ ಹೇಳಲು ಒಳ್ಳೆಯ ಜಾಗ. ಆದರೆ ಒಳಗೆ ನೆರಳು ಕಡಿಮೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ನೆನಪಿರುವುದು ಬಿಸಿಲು ಮಾತ್ರ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಒಂದೂವರೆ ಗಂಟೆಯಲ್ಲಿ ಮುಗಿಸಿ.

ಈಗ ನಿಮ್ಮ ಮನೆಯ ಸುತ್ತಲಿನ ದಿನ. ಇದನ್ನು ಜನ ತಿರುಗಾಟದ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಮ್ಮ ಪತ್ರದಲ್ಲೂ ಇದರ ಸುದ್ದಿ ಇಲ್ಲ. ಬದಿಯಡ್ಕದಲ್ಲಿ ಇದ್ದುಕೊಂಡು ನೀವು ಏತಡ್ಕದ ಕಟ್ಟಗಳನ್ನು ಬೆಂಗಳೂರಿನವರಿಗೆ ತೋರಿಸದಿದ್ದರೆ ನಷ್ಟ. ಮಳೆಯ ನೀರು ಇಳಿದ ಮೇಲೆ ತೋಡಿಗೆ ಅಡ್ಡ ಕಟ್ಟ ಹಾಕುತ್ತಾರೆ. ಮೊದಲು ಕಲ್ಲು, ಮಣ್ಣು, ಅಡಿಕೆ ಮರ. ಈಗ ಪ್ಲಾಸ್ಟಿಕ್ ಶೀಟೂ ಸೇರಿದೆ. ನೀರು ಹಿಂದಕ್ಕೆ ನಿಂತು ಎರಡೂ ಬದಿಯ ತೋಟದ ಬಾವಿಗಳಿಗೆ ಇಂಗುತ್ತದೆ. ಡಿಸೆಂಬರ್ ಕೊನೆ, ಜನವರಿ ಅದರ ಕೆಲಸ ನಡೆಯುವ ಕಾಲ. ತೋಟದವರನ್ನು ಕೇಳಿಕೊಂಡು ಹೋಗಿ. ನಿಂತ ನೀರು, ಅಡಿಕೆ ತೋಟದ ನೆರಳು, ಸಣ್ಣ ಮೀನು. ಆರು ವರ್ಷದ ಮಗುವಿಗೆ ಹೌಸ್‌ಬೋಟಿಗಿಂತ ಇದೇ ಜಾಸ್ತಿ ಇಷ್ಟ ಆದರೆ ಆಶ್ಚರ್ಯ ಇಲ್ಲ.

ಹಾಗೆಯೇ ಬಾಯಾರು, ಪೈವಳಿಕೆ ಕಡೆ ಹೋಗುವುದಾದರೆ ಒಂದು ಸುರಂಗ ತೋರಿಸಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನುಗ್ಗುವಷ್ಟೇ ಅಗಲ. ಒಳಗೆ ಗಾಳಿ ಇದೆಯಾ ಅಂತ ನೋಡಲು ಕೊರೆಯುವವರು ದೀಪ ಇಟ್ಟುಕೊಳ್ಳುತ್ತಿದ್ದರು. ಪಂಪಿಲ್ಲದೆ, ಕರೆಂಟಿಲ್ಲದೆ ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಬಾಯಿಯಿಂದ ನೋಡಿದರೆ ಸಾಕು, ಒಳಗೆ ಹೋಗುವುದು ಬೇಡ. ಬಾವಲಿ ಇರುತ್ತವೆ, ಗಾಳಿಯೂ ಕಡಿಮೆ.

ಅದೇ ದಾರಿಯಲ್ಲಿ ಪೊಸಡಿಗುಂಪೆ ಗುಡ್ಡ ಇದೆ. ಬಂದ್ಯೋಡಿನಿಂದ ಧರ್ಮತ್ತಡ್ಕ ದಾರಿ ಹಿಡಿಯಬೇಕು. ಮೇಲೆ ಹುಲ್ಲುಗಾವಲು. ಆಕಾಶ ಸ್ವಚ್ಛವಾಗಿದ್ದರೆ ಪಡುವಣಕ್ಕೆ ಕಡಲು, ಮೂಡಣಕ್ಕೆ ಕುದುರೆಮುಖದ ಸಾಲು. ಬೆಳಿಗ್ಗೆ ಬೇಗ ಹೋಗಿ. ಡಿಸೆಂಬರಿಗೆ ಹುಲ್ಲು ಒಣಗಿರುತ್ತದೆ, ಬೆಂಕಿ ಕಡ್ಡಿ, ಸಿಗರೇಟು ಯಾರ ಕೈಯಲ್ಲೂ ಬೇಡ. ಅಮ್ಮ ಆ ಹೊತ್ತಿಗೆ ಮನೆಯಲ್ಲಿ ಕಾಫಿ ಕುಡಿಯುತ್ತಿರಲಿ.

ರಾಣಿಪುರಂ ಬಗ್ಗೆ ನೀವು ಕೇಳಿಲ್ಲ, ಆದರೆ ಕಾಡಿನ ನಡಿಗೆ ಅಂದ ಕೂಡಲೇ ಯಾರಾದರೂ ಹೇಳಿಯೇ ಹೇಳುತ್ತಾರೆ. ಜಾಗ ಚೆನ್ನಾಗಿದೆ, ಶೋಲಾ ಕಾಡು ದಾಟಿ ಹುಲ್ಲಿನ ಬೆಟ್ಟ. ಚಳಿಗಾಲದಲ್ಲಿ ಜಿಗಣೆಯ ಕಾಟವೂ ಕಡಿಮೆ. ಆದರೆ ಕಾಞಂಗಾಡಿನಿಂದ ಸುಮಾರು 48 ಕಿಲೋಮೀಟರ್, ತಿರುವಿನ ದಾರಿ, ಆಮೇಲೆ ಏರು. ಅಮ್ಮನಿಗೂ ಆರು ವರ್ಷದ ಮಗುವಿಗೂ ಸರಿಹೋಗುವುದಿಲ್ಲ. ಮೂರು ದಿನದಲ್ಲಿ ಒಂದು ದಿನ ಪೂರ್ತಿ ತಿನ್ನುತ್ತದೆ. ಈ ಸಲ ಬಿಡಿ. ಅದರ ಬದಲು ನೀಲೇಶ್ವರದ ಕಡೆಯಿಂದ ಪರಪ್ಪದ ಹತ್ತಿರ ಪುಲಿಯಂಕುಳದಲ್ಲಿ ಅಬ್ದುಲ್ ಕರೀಂ ಬೆಳೆಸಿದ ಕಾಡು ನೋಡಿ. 1977ರಲ್ಲಿ ಐದು ಎಕರೆ ಬೋಳು ಮುರಕಲ್ಲು ಪಾರೆ ಕೊಂಡು ಗಿಡ ನೆಟ್ಟರು. ನೀರನ್ನು ದೂರದಿಂದ ಹೊತ್ತು ತಂದು ಹಾಕಿದರು. ಈಗ ಅದು 32 ಎಕರೆ ಕಾಡು, ಬತ್ತಿದ್ದ ಬಾವಿಯಲ್ಲಿ ನೀರಿದೆ. ಖಾಸಗಿ ಜಾಗ, ಮೊದಲೇ ವಿಚಾರಿಸಿ ಹೋಗಿ. ಒಳಗೆ ಗದ್ದಲ ಬೇಡ, ಪ್ಲಾಸ್ಟಿಕ್ ಬೇಡ.

ಮಕ್ಕಳಿಗೆ ಮೂರು ದಿನಕ್ಕೂ ಒಂದು ಕೆಲಸ ಕೊಡಬಹುದು. 2023ರಲ್ಲಿ ಕಾಸರಗೋಡು ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿ ಅಂತ ಘೋಷಿಸಿಕೊಂಡಿತು. ಮರ ಕಾಸರಕ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಪ್ರಾಣಿ ಚಂದ್ರಗಿರಿ ಹೊಳೆಯಲ್ಲಿರುವ ದೊಡ್ಡ ಮೆದುಚಿಪ್ಪಿನ ಆಮೆ. ಹೂ ಪೆರಿಯದ ಮುರಕಲ್ಲು ತೋಡುಗಳಲ್ಲಿ ಮಳೆಗಾಲದಲ್ಲಿ ಅರಳುವ ಬಿಳಿ ಲಿಲ್ಲಿಯಂಥದ್ದು. ಹೂ ಡಿಸೆಂಬರಿನಲ್ಲಿ ಸಿಗುವುದಿಲ್ಲ. ಆಮೆ ಬಹಳ ಅಪರೂಪ, ಬಹುತೇಕ ಹೊತ್ತು ಮರಳಿನಲ್ಲಿ ಹೂತುಕೊಂಡೇ ಇರುತ್ತದೆ. ಆದರೆ ಮರ, ಹಕ್ಕಿ ಎರಡನ್ನು ಹುಡುಕಬಹುದು. ಕಡಲ ಹದ್ದಿಗೆ ಬೇಕಲದಿಂದ ನೀಲೇಶ್ವರದವರೆಗಿನ ದಾರಿಯಲ್ಲಿ ಆಕಾಶ ನೋಡುತ್ತಿರಲಿ, ಗರುಡನಿಗಿಂತ ತುಂಬ ದೊಡ್ಡದು, ಕೆಳಗಿನಿಂದ ನೋಡಿದರೆ ಬಿಳಿ, ರೆಕ್ಕೆಯ ಅಂಚು ಕಪ್ಪು. ಕಾಸರಕದ ಹಣ್ಣು ಕಿತ್ತಳೆ ಬಣ್ಣ, ನೋಡಲು ಚಂದ. ಬೀಜ ಭಯಂಕರ ವಿಷ. ಮುಟ್ಟಿ ನೋಡುವುದೂ ಬೇಡ ಅಂತಲೇ ಚಿಕ್ಕವರಿಗೆ ಹೇಳಿಬಿಡಿ.

ಮನೆಯ ದಿನದ ಮಧ್ಯಾಹ್ನ ಅಮ್ಮನದ್ದು. ಕುಂಬಳೆ ಹತ್ತಿರದ ಅನಂತಪುರಕ್ಕೆ ಹೋಗಿ, ಕೆರೆಯ ನಡುವಿನ ದೇವಸ್ಥಾನ. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ನವೆಂಬರಿನಲ್ಲಿ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಮಕ್ಕಳು ನೀರಿನ ಅಂಚಿಗೆ ಬಗ್ಗದಿರಲಿ. ಸಂಜೆ ಎಲ್ಲಾದರೂ ಕಾಲಮಿತಿಯ ಯಕ್ಷಗಾನವೋ, ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಳೆಯೋ ಇದ್ದರೆ ಹುಡುಕಿ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ತೆಂಕುತಿಟ್ಟು ಶೈಲಿಯ ಯಕ್ಷಗಾನಕ್ಕೆ ಇಲ್ಲಿ ಪ್ರೇಕ್ಷಕರ ಬರ ಬಂದಿಲ್ಲ. ಎಡನೀರು ಮಠ ನಿಮಗೆ ದೂರವೇನೂ ಅಲ್ಲ. ಸಂವಿಧಾನದ ದೊಡ್ಡ ಮೊಕದ್ದಮೆಯಿಂದ ಹೆಸರಾದ ಅಲ್ಲಿಯ ಕೇಶವಾನಂದ ಭಾರತೀ ಸ್ವಾಮೀಜಿ ಯಕ್ಷಗಾನಕ್ಕೆ ಬೆಂಬಲವಾಗಿದ್ದವರು. ತಾಳಮದ್ದಳೆ ಅಮ್ಮನಿಗೆ ಹೇಳಿ ಮಾಡಿಸಿದ್ದು, ಕುರ್ಚಿಯಲ್ಲಿ ಕೂತು ಕೇಳಬಹುದು. ಬೆಂಗಳೂರಿನ ಮಕ್ಕಳಿಗೆ ಅರ್ಥಗಾರಿಕೆ ಅರ್ಧ ಗಂಟೆ ಮೀರಿದರೆ ಕಷ್ಟ. ಅವರಿಗೆ ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಪ್ರದರ್ಶನ ಎಲ್ಲಾದರೂ ಇದೆಯಾ ಅಂತ ವಿಚಾರಿಸಿ. ಅದೇ ಚೆಂಡೆ, ಅದೇ ಕಿರೀಟ, ಕುಣಿಯುವುದು ಮಾತ್ರ ದಾರದ ಬೊಂಬೆ.

ಹಾಗಾದರೆ ಲೆಕ್ಕ ಹೀಗೆ ಬರುತ್ತದೆ. ಕಳಿಯಾಟ ಎರಡನೇ ದಿನಕ್ಕೆ ಸಿಕ್ಕಿದರೆ ಮೊದಲ ದಿನ ಮನೆಯ ಸುತ್ತ. ಎರಡನೇ ದಿನ ಬೆಳಿಗ್ಗೆ ಬೇಕಲ, ಮಧ್ಯಾಹ್ನ ನೀಲೇಶ್ವರದಲ್ಲಿ ವಿಶ್ರಾಂತಿ, ಸಂಜೆ ತೋಟ್ಟಂ. ಮಧ್ಯಾಹ್ನದ ನಿದ್ದೆ ತಪ್ಪಿಸಬೇಡಿ, ರಾತ್ರಿಗೆ ಅದೇ ಬಂಡವಾಳ. ಮೂರನೇ ದಿನ ನಸುಕಿಗೆ ತೆಯ್ಯ, ಹತ್ತು ಗಂಟೆಯ ನಂತರ ಬೋಟು. ತೆಯ್ಯ ನೋಡಿ ದಣಿದವರು ಬೋಟಿನಲ್ಲಿ ಮಲಗಿಕೊಳ್ಳಲಿ, ಪರವಾಗಿಲ್ಲ. ಕರೀಂ ಅವರ ಕಾಡು ಸೇರಿಸುವುದಾದರೆ ಬೇಕಲ ಬಿಡಬೇಕು. ಕಳಿಯಾಟ ಮೊದಲ ದಿನವೇ ಇದ್ದರೆ ಇದನ್ನೇ ತಿರುಗಿಸಿ ಹಾಕಿ.

ಕೊನೆಗೆ 13 ವರ್ಷದವರ ಮೊಬೈಲ್. ವಿಡಿಯೋ ಮಾಡಬೇಕು ಅಂತ ಕೇಳುತ್ತಾರೆ, ಅಲ್ವಾ? ಕೆಲವು ಕಾವುಗಳಲ್ಲಿ ಬಿಡುತ್ತಾರೆ, ಕೆಲವು ಕಡೆ ಬಿಲ್ಕುಲ್ ಇಲ್ಲ. ಹೋದ ಕೂಡಲೇ ಕಮಿಟಿಯವರ ಹತ್ತಿರ ಮಗುವೇ ಹೋಗಿ ಕೇಳಲಿ. ಒಪ್ಪಿದರೂ ಫ್ಲ್ಯಾಷ್ ಆರಿಸಿರಬೇಕು. ಬಣ್ಣ ಹಚ್ಚುವ ಚಪ್ಪರದೊಳಗೆ ಕ್ಯಾಮೆರಾ ಚಾಚಬಾರದು. ತೆಯ್ಯ ಬೇರೆಯವರ ಕೈ ಹಿಡಿದು ಅವರ ಮನೆಯ ಕಷ್ಟ ಕೇಳುವಾಗ ಮೊಬೈಲ್ ಕಿಸೆಯಲ್ಲಿ ಇರಲಿ.